ಸಾಂಬಾರು ತುಳುಕದ ಗಾಡಿ

ಮಾರ್ಕೆಟ್ ಯಾರ್ಡ್, ಗುಲ್ಟೇಕಡಿ, ಪುಣೆ
26 ಜನವರಿ 2025

ಶ್ರೀಮನ್ಮಹಾ ಇಡ್ಲಿದೋಸಾಧೀಶ್ವರ, ಸಾಂಬಾರಸಮುದ್ರಮಥನಧುರೀಣ, ಗುಲ್ಟೇಕಡಿ ಚಕ್ರವರ್ತಿ, ಹಮಾಲಜನಹೃದಯನಿವಾಸಿ, ಕಾತ್ರಜ್ ಘಾಟನ್ನು ನೀಲಿ ಮೆಟಡೋರಿನಲ್ಲಿ ಒಂದೇ ಕೈಯಿಂದ ಗೆದ್ದ ವೀರ, ಇನ್ನೊಂದು ಕೈಯಲ್ಲಿ ಬೀಡಿ ಹಿಡಿದಿದ್ದ ಧೀರ, ಶ್ರೀ ಶ್ರೀ ಶ್ರೀ ತನಿಯಪ್ಪ ಅಜ್ಜನವರ ದಿವ್ಯ ಪಾದಾರವಿಂದಗಳಿಗೆ, ಆಣಿ ಇರುವ ಎಡಗಾಲಿನ ಕಿರುಬೆರಳಿಗೆ ನೋವಾಗದಂತೆ, ಮೊಮ್ಮಗಳು ಶ್ರದ್ಧಾ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಫೋನಿನಲ್ಲಿ ನಾನು ಕೂಗಿದ್ದು ನಿಮಗೊಬ್ಬರಿಗೆ ಬಿಟ್ಟು ಇಡೀ ಮಾರ್ಕೆಟ್ ಯಾರ್ಡಿಗೆ ಕೇಳಿಸುತ್ತದೆ. ಹಾಗಾಗಿ ಪತ್ರ. ಹೋಟೆಲಿನ ಬಿಲ್ಲಿನ ಹಿಂಬದಿಯಲ್ಲಿ ನೀವು ತಿದ್ದಿಸಿದ ಕನ್ನಡ ಇನ್ನೂ ಜೀವಂತವಾಗಿದೆ ಎಂದು ತಿಳಿಸುವ ಉದ್ದೇಶವೂ ಇದೆ.

ಸಾಮ್ರಾಜ್ಯದ ಸಮಾಚಾರ ನಿಮಗೆ ಗೊತ್ತೇ ಇದೆ. ನಮ್ಮ ಹೋಟೆಲಿನ ಕಟ್ಟಡ ಒಡೆಯುತ್ತಾರೆ. ಏಪ್ರಿಲಿನಲ್ಲಿ, ನಮ್ಮ ಹೊಸ ವರ್ಷದ ಬಿಸು ಹಬ್ಬದ ದಿನವೇ ಇಲ್ಲಿ ಕೊನೆಯ ದೋಸೆ. ಆಮೇಲೆ ಖರಾಡಿಯಲ್ಲಿ, ಲ್ಯಾಪ್‌ಟಾಪಿನವರ ನಡುವೆ, ಹೊಸ ಅಂಗಡಿ. ಆದರೆ ಪಪ್ಪ ಒಂದು ಹಟ ಹಿಡಿದಿದ್ದಾರೆ. "ಈ ಒಲೆ ಹಚ್ಚಿದ್ದು ಅಪ್ಪ. ಆರಿಸುವುದೂ ಅಪ್ಪನೇ. ಅವರು ಬಾರದೆ ನಾನು ಬೀಗದ ಕೈ ಕೊಡುವುದಿಲ್ಲ" ಎನ್ನುತ್ತಾರೆ. ನೀವು ಪುಣೆಗೆ ಬಾರದೆ ಆರು ವರ್ಷವಾಯಿತು. ಸ್ಲೀಪರ್ ಬಸ್ಸಿನ ಏಣಿ ಹತ್ತುವುದು ನಿಮ್ಮ ಮರ್ಯಾದೆಗೆ ಕಡಿಮೆ ಎಂದು ನೀವೇ ಹೇಳಿದ್ದೀರಿ. ರೈಲಿನ ಚಹಾ ನಿಮ್ಮ ನಾಲಗೆಗೆ ಅವಮಾನ.

ಆದ್ದರಿಂದ ಪಪ್ಪ ಒಂದು ಗಾಡಿ ನೋಡಿದ್ದಾರೆ. ಸೆಕೆಂಡ್ ಹ್ಯಾಂಡ್. ಏಳು ಸೀಟು, ಫೋರ್ ವೀಲ್ ಡ್ರೈವ್, ಎಮ್ಮೆಯ ಬಣ್ಣ, ಎಮ್ಮೆಯ ಗಾತ್ರ. ನಾವು ಮೂವರು ಕಿನ್ನಿಗೋಳಿಗೆ ಬಂದು ನಿಮ್ಮನ್ನೂ ಹರಿಣಾಕ್ಷಿ ಅತ್ತೆಯನ್ನೂ ಮಾವನನ್ನೂ ರಾಜಮರ್ಯಾದೆಯಿಂದ ಕರೆತರುವುದು. ಆದರೆ ನೀವು ಪರೀಕ್ಷೆ ಮಾಡದ ಗಾಡಿ ನಮ್ಮ ಮನೆಯಲ್ಲಿ ಇದುವರೆಗೆ ಬಂದಿಲ್ಲ. ಈ ಸಲ ನಾನೇ ನಿಮ್ಮ ಕಣ್ಣು, ನಾನೇ ನಿಮ್ಮ ಮೂಗು. ವಿಧಿವಿಧಾನ ತಿಳಿಸಿ ಅನುಗ್ರಹಿಸಬೇಕು.

ಇಂತಿ ತಮ್ಮ ಚರಣರೇಣು,
ಶ್ರದ್ಧಾ


ಕಿನ್ನಿಗೋಳಿ
3 ಫೆಬ್ರುವರಿ 2025

ಚಿ. ಶ್ರದ್ಧಾಳಿಗೆ ಅಜ್ಜನ ಆಶೀರ್ವಾದ.

ನಿನ್ನ ಬಿರುದಾವಳಿ ಓದಿ ಮುಗಿಸುವಷ್ಟರಲ್ಲಿ ಚಹಾ ತಣಿಯಿತು. ಬೀಡಿಯ ವಿಷಯ ಹರಿಣಾಕ್ಷಿಯೂ ಓದಿದಳು. ನಲವತ್ತು ವರ್ಷ ಮುಚ್ಚಿಟ್ಟದ್ದನ್ನು ನೀನು ಒಂದು ಗೆರೆಯಲ್ಲಿ ಕೆಡಿಸಿದೆ ಮಾರಾಯ್ತಿ.

ಗಾಡಿ ನೋಡಲು ಬೆಳಿಗ್ಗೆ ಬೇಗ ಹೋಗು. ಹೋದ ಕೂಡಲೇ ಬಾನೆಟ್ಟಿನ ಮೇಲೆ ಕೈ ಇಡು. ಬಿಸಿ ಇದ್ದರೆ ನೀನು ಬರುವ ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ ಎಂದು ಅರ್ಥ. ತಣ್ಣಗಿದ್ದ ಎಂಜಿನ್ ಹೇಗೆ ಏಳುತ್ತದೆ ಎನ್ನುವುದೇ ನೋಡಬೇಕಾದ್ದು. ಓಡುತ್ತಿರುವಾಗ ಆಯಿಲ್ ಮುಚ್ಚಳ ತೆಗೆಸು. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಹೊಗೆ ಬಂದರೆ ನಮಸ್ಕಾರ ಹೇಳಿ ಬಾ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆ. ನೆರೆಯಲ್ಲಿ ಮುಳುಗಿದ್ದರೆ ಕೆಸರಿನ ಗೆರೆ ಅಲ್ಲಿ ಇರುತ್ತದೆ, ಅಷ್ಟು ದೂರ ಯಾರೂ ಒರೆಸುವುದಿಲ್ಲ. ಕಾಲಡಿಯ ಕಾರ್ಪೆಟ್ ಎತ್ತಿ ಮೂಸಿ ನೋಡು. ಆಮೇಲೆ ಗಾಡಿಯ ಅಡಿಗೆ ಮಲಗು. ಕಾಡು ಗುಡ್ಡ ಹತ್ತಿದ ಗಾಡಿಯ ಮುಖ ಎಲ್ಲರೂ ತೊಳೆಯುತ್ತಾರೆ, ಹೊಟ್ಟೆಯ ಗಾಯ ಹಾಗೇ ಉಳಿದಿರುತ್ತದೆ.

ಕೊನೆಗೆ ಸಾಂಬಾರಿನ ಪರೀಕ್ಷೆ. ಇದನ್ನು ನಿನ್ನ ಪಪ್ಪ ಮರೆತಿರಲಿಕ್ಕಿಲ್ಲ. ದೊಡ್ಡ ತಪ್ಪಲೆಯ ತುಂಬ ಸಾಂಬಾರು, ಬಾಯಿಗೆ ಎರಡು ಬೆರಳು ಕಡಿಮೆ. ತಪ್ಪಲೆಯ ಸುತ್ತ ಮೈ ಒರೆಸುವ ಬಿಳಿ ಬೈರಾಸು ಕಟ್ಟಬೇಕು. ಹಿಂದೆ ಇಟ್ಟು ಕಾತ್ರಜ್ ಘಾಟು ಹತ್ತಿ ಇಳಿದು ಬರಬೇಕು. ಆಮೇಲೆ ಬೈರಾಸಿನ ಮೇಲಿನ ಕಲೆ ನೋಡಬೇಕು. ಮೆಟಡೋರ್ ತಗೊಳ್ಳುವಾಗ ಮೂರು ಕಲೆ ಬಿದ್ದಿತ್ತು. ಮದುವೆಯ ಅಡುಗೆಗೆಲ್ಲ ಅದೇ ಗಾಡಿ. ಹಿಂದೆ ಪಾತ್ರೆಗಳ ನಡುವೆ ನಿನ್ನ ಅಜ್ಜಿ, ಮಕ್ಕಳು, ಅಡುಗೆ ಭಟ್ಟಿಯ ಕೆಲಸದವರು ಎಲ್ಲ. ತಿರುವು ಬಂದಾಗ ಎಲ್ಲರೂ ಒಟ್ಟಿಗೆ ತಪ್ಪಲೆಯ ಕಿವಿ ಹಿಡಿಯುವುದು. ನಿನ್ನ ಅಜ್ಜಿ ಕೂಗುತ್ತಿದ್ದಳು, "ಮಕ್ಕಳನ್ನು ಬಿಡಿ, ಸಾಂಬಾರು ಹಿಡಿಯಿರಿ!"

ಆ ಗಾಡಿ ಎಷ್ಟು ಎತ್ತರ? ಹತ್ತಲು ಪಕ್ಕದಲ್ಲಿ ಮೆಟ್ಟಿಲು ಉಂಟಾ? ನಿನ್ನ ಅಮ್ಮನಿಗೆ ಮಂಡಿನೋವು ಇರುವುದರಿಂದ ಕೇಳಿದೆ.

ಅಜ್ಜ


ಪುಣೆ
16 ಫೆಬ್ರುವರಿ 2025

ಪರಮಪೂಜ್ಯ ಶಕಟಪರೀಕ್ಷಾಶಾಸ್ತ್ರಪ್ರವರ್ತಕರ ಸನ್ನಿಧಾನಕ್ಕೆ,

ತಮ್ಮ ಆಜ್ಞೆಯಂತೆ ಇಂದು ಬೆಳಿಗ್ಗೆ ಪಪ್ಪನೂ ನಾನೂ ಖರಾಡಿಗೆ ದಂಡೆತ್ತಿ ಹೋದೆವು. ಗಾಡಿಯ ಯಜಮಾನರು ಮಾರ್ತಾಂಡ ಕಾಕಾ, ಮೂಲ ವಿಜಯಪುರದವರು, ಚಾಕಣದ ಫ್ಯಾಕ್ಟರಿಯಲ್ಲಿ ದುಡಿದು ನಿವೃತ್ತರಾದವರು. ಪಪ್ಪ ಮರಾಠಿಯಲ್ಲಿ ಶುರು ಮಾಡಿದರು. ನಾನು ಪಪ್ಪನಿಗೆ ಕನ್ನಡದಲ್ಲಿ ಪಿಸುಗುಟ್ಟಿದ್ದನ್ನು ಅವರು ಕೇಳಿಸಿಕೊಂಡುಬಿಟ್ಟರು.

"ಅಯ್ಯ, ನೀವು ನಮ್ಮವರ ಏನ್ರಿ! ಮತ್ತ ಮರಾಠಿಯೊಳಗ ಯಾಕ್ ಒದ್ದಾಡಾಕತ್ತೀರಿ? ಬರ್ರಿ, ಮೊದಲ ಚಾ ಕುಡಿರಿ. ಗಾಡಿ ಎಲ್ಲೂ ಓಡಿ ಹೋಗಂಗಿಲ್ಲ."

ನಾನು ಪಿಸುಗುಟ್ಟಿದ್ದು "ಈ ಮನುಷ್ಯನ ಮೀಸೆ ನೋಡಿದರೆ ನಂಬಬಹುದು ಅನಿಸುತ್ತದೆ" ಎಂದು. ದೇವರು ದೊಡ್ಡವನು.

ಬಾನೆಟ್ ತಣ್ಣಗಿತ್ತು. ಎಂಜಿನ್ ಒಂದು ಸಲ ಕೆಮ್ಮಿ ಎದ್ದಿತು, ಆಮೇಲೆ ಪಪ್ಪ ಬೆಳಗಿನ ಪೂಜೆಗೆ ಕುಳಿತ ಹಾಗೆ ಒಂದೇ ಶ್ರುತಿ. ಆಯಿಲ್ ಮುಚ್ಚಳ ತೆಗೆದಾಗ ಇಡ್ಲಿ ಬೇಯುತ್ತಿರಲಿಲ್ಲ. ಸೀಟ್ ಬೆಲ್ಟುಗಳನ್ನೆಲ್ಲ ಕೊನೆಯವರೆಗೂ ಎಳೆದೆ. ಕಾಕಾ ಕೇಳಿದರು, "ತಂಗಿ, ಗಾಡಿ ತಗೋತೀಯೋ, ಹಗ್ಗ ತಗೋತೀಯೋ?" ಕಾರ್ಪೆಟ್ ಮೂಸಿದೆ. ಚಕ್ಕುಲಿಯ ವಾಸನೆ. ಗಾಡಿಯ ಅಡಿಗೆ ಮಲಗಿದೆ. ಹೊಟ್ಟೆಯ ಕಬ್ಬಿಣದ ತಟ್ಟೆಯಲ್ಲಿ ಗೀರುಗಳು ಉಂಟು, ಆದರೆ ತೂತು ಇಲ್ಲ, ತುಕ್ಕು ಇಲ್ಲ, ಎಣ್ಣೆ ತೊಟ್ಟಿಕ್ಕುತ್ತಿಲ್ಲ. ಗುಡ್ಡ ಹತ್ತುವ ಸಣ್ಣ ಗಿಯರಿನ ಲಿವರ್ ಹಾಕಿ ತೋರಿಸಿ ಎಂದೆ. ಸಲೀಸಾಗಿ ಬಿತ್ತು. ಹಿಂದಿನ ಎಡ ಟಯರು ಒಂದು ಬದಿ ಸವೆದಿದೆ. ಅದನ್ನು ಬದಲಾಯಿಸಿ ಕೊಡುತ್ತಾರಂತೆ.

ಯಾಕೆ ಮಾರುತ್ತೀರಿ ಎಂದು ಕೇಳಿದೆ. ಮೂವರು ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಪ್ರತಿ ರಜೆಗೂ ಯಾವುದಾದರೂ ಕೋಟೆಯ ಬುಡಕ್ಕೆ ಹೋಗುತ್ತಿದ್ದರಂತೆ. ಈಗ ಮೂವರೂ ಮದುವೆಯಾಗಿ ಮೂರು ದಿಕ್ಕು.

"ಒಬ್ಬವನ ಏಳು ಸೀಟಿನ ಗಾಡಿಯೊಳಗ ಕೂತು ಹಾಲು ತರಾಕ ಹೋಗ್ತೀನವಾ. ಕನ್ನಡಿಯೊಳಗ ಹಿಂದ ನೋಡಿದ್ರ ಬರೇ ಸೀಟ ಕಾಣ್ತಾವು. ಅದಕ್ಕ ಕೊಡಾಕತ್ತೀನಿ. ತುಂಬಿದ ಮನಿಗೇ ಕೊಡಬೇಕು ಅಂತ ಭಾಳ ಮಂದಿನ ಹೊಳ್ಳಿ ಕಳಿಸೀನಿ."

ಪಪ್ಪ ಮಾರ್ಕೆಟ್ ಯಾರ್ಡ್ ಹತ್ತಿರ ಬಂದಾಗ "ಅಪ್ಪನನ್ನು ಮುಂದಿನ ಸೀಟಿನಲ್ಲಿ ಕೂರಿಸಬೇಕು" ಎಂದರು, ಅಷ್ಟೇ.

ಮುಂದಿನ ಭಾನುವಾರ ಸಾಂಬಾರಿನ ಮಹಾಪರೀಕ್ಷೆ. ತೊಗರಿಬೇಳೆ ಈಗಾಗಲೇ ಭಯದಿಂದ ನಡುಗುತ್ತಿದೆ.

ತಮ್ಮ ವಿಧೇಯ ಇನ್‌ಸ್ಪೆಕ್ಟರ್,
ಶ್ರದ್ಧಾ


ಕಿನ್ನಿಗೋಳಿ
22 ಫೆಬ್ರುವರಿ 2025

ಚಿ. ಶ್ರದ್ಧಾಳಿಗೆ,

ವರದಿ ಚೆನ್ನಾಗಿದೆ. ಆದರೆ ಯೋಚಿಸಿ ನೋಡಿದೆ. ಕಪ್ಪು ಬಣ್ಣ ಬಿಸಿಲಿಗೆ ಕಾಯುತ್ತದೆ. ಅಷ್ಟು ದೊಡ್ಡ ಗಾಡಿ ಗುಲ್ಟೇಕಡಿಯಲ್ಲಿ ಎಲ್ಲಿ ನಿಲ್ಲಿಸುತ್ತೀರಿ? ಡೀಸೆಲ್ ಕುಡಿಯುತ್ತದೆ. ನನಗೆ ಬೇಡ ಅನಿಸುತ್ತದೆ. ಸಣ್ಣ ಕಾರೇ ಸಾಕು.

ನೆಲದಿಂದ ಸೀಟಿಗೆ ಎಷ್ಟು ಎತ್ತರ ಎಂದು ನೀನು ಬರೆಯಲಿಲ್ಲ. ಬಾಗಿಲ ಹತ್ತಿರ ಹಿಡಿದುಕೊಳ್ಳಲು ಏನಾದರೂ ಉಂಟಾ ಎಂದೂ ನೋಡು. ಅಮ್ಮನಿಗಾಗಿ.

ನೀನು ಸಣ್ಣವಳಿದ್ದಾಗ ಗಲ್ಲಾ ಎಟುಕುವುದಿಲ್ಲ ಎಂದು ಅಳುತ್ತಿದ್ದೆ. ಸೋಡಾ ಪೆಟ್ಟಿಗೆ ಮಗುಚಿ ಹಾಕಿ, ಮೇಲೊಂದು ಹಲಗೆ ಹೊಡೆದು ಕೊಟ್ಟೆ. ಅದರ ಮೇಲೆ ನಿಂತು ಹಮಾಲರಿಗೆಲ್ಲ ಹುಕುಂ ಮಾಡುತ್ತಿದ್ದೆ. ಮಳೆ ಬಂದ ಕಾರಣ ಇದೆಲ್ಲ ನೆನಪಾಯಿತು ಎಂದು ಬರೆಯುವಂತಿಲ್ಲ, ಇಲ್ಲಿ ಮಳೆಯೂ ಇಲ್ಲ. ಸುಮ್ಮನೆ ನೆನಪಾಯಿತು.

ಅಜ್ಜ


ಪುಣೆ
2 ಮಾರ್ಚ್ 2025

ಶ್ರೀಮದ್ ಅಜ್ಜನವರ ಸಮಕ್ಷಮಕ್ಕೆ ಅಂತಿಮ ತೀರ್ಪು:

ಪರೀಕ್ಷೆ ನಡೆಯಿತು. ತಪ್ಪಲೆ ತುಂಬ ಸಾಂಬಾರು, ಬಾಯಿಗೆ ಎರಡೇ ಬೆರಳು ಕಡಿಮೆ, ಸುತ್ತ ಬಿಳಿ ಬೈರಾಸು. ಘಾಟಿನ ತಿರುವುಗಳಲ್ಲಿ ನಾನು ಹಿಂದೆ ಕುಳಿತು, ರಾಷ್ಟ್ರಗೀತೆಗೆ ನಿಂತವಳಂತೆ ಮುಖ ಗಂಭೀರ ಮಾಡಿಕೊಂಡು ತಪ್ಪಲೆಯನ್ನೇ ನೋಡಿದೆ. ಸಾಂಬಾರು ಅಲುಗಿತು, ಆದರೆ ಮರ್ಯಾದೆ ಮೀರಲಿಲ್ಲ. ಒಂದೇ ಒಂದು ಕಲೆ ಇಲ್ಲ. ಮೆಟಡೋರಿನ ಮೂರು ಕಲೆಗಳ ದಾಖಲೆ ಅಲ್ಲಿಗೆ ಮುರಿಯಿತು. ಸಾಕ್ಷಿಗಾಗಿ ಬೈರಾಸನ್ನೇ ಈ ಲಕೋಟೆಯಲ್ಲಿ ಇಟ್ಟಿದ್ದೇನೆ.

ಪಪ್ಪ ಗಾಡಿ ತಗೊಂಡರು. ಬಣ್ಣ, ಪಾರ್ಕಿಂಗ್, ಡೀಸೆಲ್ ಕುರಿತ ತಮ್ಮ ಆಕ್ಷೇಪಗಳನ್ನು ಗೌರವಪೂರ್ವಕವಾಗಿ ತಿರಸ್ಕರಿಸಲಾಗಿದೆ. ಎತ್ತರ ಸುಮಾರಾಗಿ ಉಂಟು. ಅಮ್ಮ ಹತ್ತುತ್ತಾಳೆ, ಬೈದುಕೊಂಡು ಹತ್ತುತ್ತಾಳೆ.

ಏಪ್ರಿಲ್ ಎಂಟರಂದು ನಾವು ಕಿನ್ನಿಗೋಳಿಯಲ್ಲಿರುತ್ತೇವೆ. ಪಂಚೆ ಇಸ್ತ್ರಿ ಮಾಡಿಸಿಡಿ.

ಶ್ರದ್ಧಾ


ಕಿನ್ನಿಗೋಳಿ
9 ಮಾರ್ಚ್ 2025

ಚಿ. ಶ್ರದ್ಧಾಳಿಗೆ,

ಬೈರಾಸು ಸಿಕ್ಕಿತು. ಇಷ್ಟು ಬಿಳಿ ಬೈರಾಸು ನಮ್ಮ ಹೋಟೆಲಿನಲ್ಲಿ ಇತ್ತೆಂದು ನನಗೆ ಗೊತ್ತಿರಲಿಲ್ಲ.

ಗಾಡಿ ತಗೊಂಡದ್ದು ಸಂತೋಷ. ನೀವು ಮೂವರು ಮಹಾಬಳೇಶ್ವರಕ್ಕೆಲ್ಲ ಹೋಗಿ ಬನ್ನಿ. ನನ್ನನ್ನು ಕಾಯುವುದು ಬೇಡ. ಬಿಸುವಿನ ಹೊತ್ತಿಗೆ ಇಲ್ಲಿ ಕೆಲಸ ತುಂಬ ಉಂಟು. ಒಲೆಯನ್ನು ನಿನ್ನ ಪಪ್ಪನೇ ಆರಿಸಲಿ. ಗ್ಯಾಸಿನ ಒಲೆ ತಾನೇ, ಕಿವಿ ತಿರುಗಿಸಿದರೆ ಆಯಿತು.

ಅಜ್ಜ


ಪುಣೆ
14 ಮಾರ್ಚ್ 2025

ಅಜ್ಜನಿಗೆ,

ಬಿರುದು ಗಿರುದು ಏನೂ ಇಲ್ಲ ಇವತ್ತು.

ನಿಮ್ಮ ಪತ್ರ ಪಪ್ಪ ಗಲ್ಲಾದಲ್ಲಿ ಕುಳಿತು ಓದಿದರು. ಗಿರಾಕಿ ದುಡ್ಡು ಚಾಚಿ ನಿಂತಿದ್ದ. ಇವರಿಗೆ ಕಾಣಲಿಲ್ಲ. ಆಮೇಲೆ ಪತ್ರ ಮಡಚಿ ಕಿಸೆಗೆ ಹಾಕಿಕೊಂಡು ಒಳಗೆ ಹೋಗಿ ಸುಮ್ಮನೆ ಈರುಳ್ಳಿ ಹೆಚ್ಚತೊಡಗಿದರು. ಈರುಳ್ಳಿ ಹೆಚ್ಚಲು ನಮ್ಮಲ್ಲಿ ಬೇರೆ ಜನ ಇದ್ದಾರೆ, ನಿಮಗೇ ಗೊತ್ತು.

ಅತ್ತೆಗೆ ಫೋನ್ ಮಾಡಿ ಕೇಳಿದೆ. ಬಿಸುವಿಗೆ ಅಂಥ ಕೆಲಸ ಏನೂ ಇಲ್ಲ ಎಂದಳು. ಉಳಿದದ್ದಕ್ಕೆ "ಅಜ್ಜನನ್ನೇ ಕೇಳು" ಎಂದಳು.

ಮೊದಲು ಗಾಡಿ ಕಪ್ಪು. ಆಮೇಲೆ ಡೀಸೆಲ್. ಈಗ ಕೆಲಸ. ಕಿವಿ ತಿರುಗಿಸಿದರೆ ಆಯಿತು ಅಂತೆ. ಹೊಸ ಗ್ಯಾಸಿನ ಒಲೆ ತಂದ ದಿನ, ಹಳೆ ಒಲೆಯ ಕೆಂಡದಿಂದಲೇ ಹಚ್ಚಬೇಕು ಎಂದು ಎಲ್ಲರನ್ನೂ ಬೈದು, ಕಾಗದ ಸುತ್ತಿ ಕಿಡಿ ಹಿಡಿದುಕೊಂಡು ಬಂದವರು ಯಾರು? ನಾನು ಸೋಡಾ ಪೆಟ್ಟಿಗೆಯ ಮೇಲೆ ನಿಂತು ನೋಡಿದ್ದೆ. ನಿಮ್ಮ ಹುಬ್ಬು ಸುಟ್ಟಿತ್ತು.

ಬರಲು ಮನಸ್ಸಿಲ್ಲ ಎಂದಾದರೆ ಹಾಗೇ ಬರೆಯಿರಿ. ನಮ್ಮ ಹೋಟೆಲು ನಿಮಗೆ ಸಾಕಾಯಿತು ಎಂದಾದರೆ ಅದನ್ನೂ ಬರೆಯಿರಿ. ಅಮ್ಮನ ಮಂಡಿ, ಡೀಸೆಲ್ಲಿನ ರೇಟು ಬೇಡ.

ಶ್ರದ್ಧಾ


ಕಿನ್ನಿಗೋಳಿ
24 ಮಾರ್ಚ್ 2025

ಶ್ರದ್ಧಾ ಮಗಾ,

ನಿನ್ನ ಪತ್ರ ಬಂದು ದಿನಗಳಾದವು. ಬರೆಯಲು ಕುಳಿತದ್ದು ಇದು ಎಷ್ಟನೆಯ ಸಲವೋ.

ನಿನ್ನ ಮೊದಲ ಪತ್ರ ಬಂದ ವಾರ ಪಕ್ಕದ ಮನೆಯ ಹುಡುಗ ಅಂಥದೇ ಒಂದು ಗಾಡಿ ತಂದಿದ್ದ. ನಿಮ್ಮದರಷ್ಟೇ ದೊಡ್ಡದು. ಯಾರೂ ಇಲ್ಲದ ಹೊತ್ತು ನೋಡಿ ಹೋಗಿ ಹತ್ತಿ ನೋಡಿದೆ. ಬಲಗಾಲು ಮೇಲೆ ಇಟ್ಟೆ. ಎಡಗಾಲು ನೆಲ ಬಿಡಲಿಲ್ಲ. ಬಾಗಿಲು ಹಿಡಿದೆ, ಸೀಟು ಹಿಡಿದೆ, ಆಗಲಿಲ್ಲ. ಇಳಿಯಲೂ ಆಗಲಿಲ್ಲ. ಹಾಗೇ ಒಂದು ಕಾಲು ಮೇಲೆ ಒಂದು ಕಾಲು ಕೆಳಗೆ ನಿಂತಿದ್ದೆ. ಆ ಹುಡುಗನೇ ಬಂದು ಕಂಕುಳಿಗೆ ಕೈ ಹಾಕಿ ಇಳಿಸಿದ. "ಅಜ್ಜೆರೇ, ಎಂಥದು ಇದು, ಹೇಳಿದ್ದರೆ ನಾನೇ ಎತ್ತಿ ಕೂರಿಸುತ್ತಿದ್ದೆನಲ್ಲ" ಎಂದ. ಒಳ್ಳೆಯ ಹುಡುಗ. ಆದರೆ ಅಕ್ಕಿ ಮೂಟೆಗೆ ಹೇಳುವ ಮಾತು ಅದು.

ಮಾರ್ಕೆಟ್ ಯಾರ್ಡಿನಲ್ಲಿ ಚಲಿಸುವ ಮೆಟಡೋರಿಗೆ ಹಾರಿ ಹತ್ತುತ್ತಿದ್ದವನು ನಾನು. ನಿನ್ನ ಬಿರುದುಗಳಲ್ಲಿ ಅದೊಂದು ಬಿಟ್ಟುಹೋಗಿತ್ತು. ಹಮಾಲರು ಎಲ್ಲ ನನ್ನನ್ನು ಹಾಗೆ ನೋಡಿದವರು. ಹೋಟೆಲಿನ ಮುಂದೆ, ಅವರ ಎದುರು, ಮಗನೂ ಮೊಮ್ಮಗಳೂ ನನ್ನನ್ನು ಎತ್ತಿ ಇಳಿಸುವುದು ಬೇಡ ಎಂದು ಕಂಡಿತು. ಅದಕ್ಕೆ ಬಣ್ಣ ಕಪ್ಪು ಎಂದೆ.

ಹೋಟೆಲು ಸಾಕಾಯಿತಾ ಎಂದು ಕೇಳಿದೆಯಲ್ಲ. ಈಗಲೂ ನಸುಕಿಗೆ ಎಚ್ಚರವಾದರೆ ಮೊದಲು ಹಿಟ್ಟು ಉಬ್ಬಿತಾ ಎಂದೇ ಯೋಚನೆ. ಆಮೇಲೆ ಮನೆಯ ಮಾಡಿನ ಹಂಚು ಕಾಣುತ್ತದೆ, ಇದು ಕಿನ್ನಿಗೋಳಿ ಎಂದು ತಿಳಿಯುತ್ತದೆ.

ಪಪ್ಪನಿಗೆ ಕಾಲಿನ ವಿಷಯ ಹೇಳಬೇಡ. ಈರುಳ್ಳಿ ಹೆಚ್ಚುವುದು ನಿಲ್ಲಿಸಲು ಹೇಳು. ಅವನು ದಪ್ಪ ಹೆಚ್ಚುತ್ತಾನೆ.

ಅಜ್ಜ


ಪುಣೆ
31 ಮಾರ್ಚ್ 2025

ಶ್ರೀಮನ್ಮಹಾ ಇಡ್ಲಿದೋಸಾಧೀಶ್ವರ, ದಗ್ಧಭ್ರೂವಿಭೂಷಿತ, ಚಲಚ್ಛಕಟಾರೋಹಣಪ್ರವೀಣ (ಬಿಟ್ಟುಹೋದ ಬಿರುದನ್ನು ಸೇರಿಸಲಾಗಿದೆ, ಲೋಪಕ್ಕೆ ಕ್ಷಮೆಯಿರಲಿ) ಅಜ್ಜನವರ ಎರಡೂ ಪಾದಗಳಿಗೆ, ನೆಲ ಬಿಟ್ಟ ಬಲಗಾಲಿಗೂ ನೆಲ ಬಿಡದ ಎಡಗಾಲಿಗೂ ಸಮಾನ ನಮಸ್ಕಾರಗಳು.

ಕಾಲಿನ ವಿಷಯ ಪಪ್ಪನಿಗೆ ಹೇಳಿಲ್ಲ. ಆದರೆ ಅಟ್ಟದ ಮೇಲಿಂದ ಒಂದು ವಸ್ತುವನ್ನು ಇಳಿಸಿದ್ದೇನೆ. ಸೋಡಾ ಪೆಟ್ಟಿಗೆ. ಹಲಗೆಯ ಮೇಲೆ ನನ್ನ ಹೆಸರನ್ನು ಮೊಳೆಯಿಂದ ಕೊರೆದದ್ದು ಇನ್ನೂ ಇದೆ. ನಿಮ್ಮ ಮೊಳೆಗಳು ಒಂದೂ ಸಡಿಲವಾಗಿಲ್ಲ. ಗಾಡಿಯ ಬಾಗಿಲ ಪಕ್ಕ ಇಟ್ಟು ನೋಡಿದೆ. ಪೆಟ್ಟಿಗೆ ಒಂದು ಮೆಟ್ಟಿಲು, ಗಾಡಿಯ ಪಕ್ಕದ ಪಟ್ಟಿ ಎರಡನೆಯ ಮೆಟ್ಟಿಲು, ಆಮೇಲೆ ಸೀಟು. ಅಮ್ಮ ಬೈದುಕೊಳ್ಳದೆ ಹತ್ತಿದಳು. ಇತಿಹಾಸದಲ್ಲಿ ಮೊದಲ ಸಲ.

ಪಪ್ಪ ಬಂದು ಪೆಟ್ಟಿಗೆ ನೋಡಿದರು, ಗಾಡಿ ನೋಡಿದರು, ನನ್ನ ಮುಖ ನೋಡಿದರು. ಸಂಜೆ ನೋಡಿದರೆ ಪೆಟ್ಟಿಗೆಯ ಅಡಿಗೆ ಜಾರದಂತೆ ಟಯರಿನ ರಬ್ಬರ್ ಹೊಡೆದಿದ್ದರು. ಈರುಳ್ಳಿ ನಿಲ್ಲಿಸಿದ್ದಾರೆ.

ಇನ್ನು ವಿಧಿ ಹೀಗಿದೆ. ಏಪ್ರಿಲ್ ಎಂಟರಂದು ಬರುತ್ತೇವೆ. ಯಾರೂ ನಿಮ್ಮನ್ನು ಮುಟ್ಟುವುದಿಲ್ಲ. ಪೆಟ್ಟಿಗೆ ಇಟ್ಟು ನಾನು ಆ ಕಡೆ ತಿರುಗಿ ನಿಲ್ಲುತ್ತೇನೆ. ಮೇಲಿನ ಹಿಡಿಕೆ ದೂರವಾಗುತ್ತದೆ, ಅದಕ್ಕೆ ಆ ಬೈರಾಸನ್ನು ತನ್ನಿ. ಹಿಡಿಕೆಗೆ ಉದ್ದಕ್ಕೆ ಕಟ್ಟಿದರೆ ನಿಮ್ಮ ಕೈಗೆ ಸಿಗುತ್ತದೆ. ಗುಲ್ಟೇಕಡಿಯಲ್ಲಿ ಇಳಿಯುವಾಗ ಹಮಾಲರು ಏನಾದರೂ ಕೇಳಿದರೆ, ಇದು ಮೊಮ್ಮಗಳ ಸಿಂಹಾಸನ, ಅವಳು ಬಿಟ್ಟುಕೊಟ್ಟದ್ದು ಎಂದು ಹೇಳಿ. ಸುಳ್ಳಲ್ಲ.

ಇಲ್ಲಿಂದ ಖರಾಡಿಯ ಹೊಸ ಒಲೆಗೆ ಕಿಡಿ ಒಯ್ಯಲು ಕಾಗದ ಸುತ್ತುವುದು ಬೇಡ. ಲಾಟೀನು ತಂದಿಟ್ಟಿದ್ದೇನೆ. ಉಳಿದ ಹುಬ್ಬಾದರೂ ಇರಲಿ.

ಮಾರ್ತಾಂಡ ಕಾಕಾ ಬಿಸುವಿನ ದಿನ ತಿಂಡಿಗೆ ಬರುತ್ತಾರೆ. ಗಾಡಿ ತುಂಬಿ ಬರುವುದನ್ನು ಒಮ್ಮೆ ನೋಡಬೇಕಂತೆ.

ತಮ್ಮ ಪುಳ್ಳಿ ಮೊಮ್ಮಗಳು,
ಶ್ರದ್ಧಾ

ಮರೆತಿದ್ದೆ: ಬೈರಾಸಿನ ವಿಷಯ. ಅದು ಅಂಗಡಿಯಿಂದ ಹೊಸದಾಗಿ ತಂದದ್ದು. ನೀವು ಮೂಸಿಯೇ ಕಂಡುಹಿಡಿದಿರುತ್ತೀರಿ. ಅವತ್ತು ನಾವು ಕಾತ್ರಜ್ ಘಾಟಿಗೆ ಹೋಗಲೇ ಇಲ್ಲ ಅಜ್ಜ. ತಪ್ಪಲೆಯನ್ನು ಗಾಡಿಗೆ ಎತ್ತಿ ಇಡುವಾಗ ಒಂದು ಕಿವಿ ಪಪ್ಪ ಹಿಡಿದಿದ್ದರು, ಇನ್ನೊಂದು ನಾನು. ಪಪ್ಪನ ಕಡೆ ಮೇಲೆ ಹೋಯಿತು. ನನ್ನ ಕಡೆ ಹೋಗಲಿಲ್ಲ. ಹಿಂದಿನ ಸೀಟು, ಕಾರ್ಪೆಟ್, ಕಾಕಾ ಅವರ ಚಪ್ಪಲಿ, ಎಲ್ಲ ಕಡೆ ಸಾಂಬಾರು. "ಅಯ್ಯೋ ತಂಗಿ, ಗಾಡಿಗೆ ಅಭಿಷೇಕ ಮಾಡಿಬಿಟ್ಯಲ್ಲ!" ಎಂದರು ಕಾಕಾ. ಅಷ್ಟಾದ ಮೇಲೆ ಬೇಡ ಎನ್ನುವುದು ಹೇಗೆ ಎಂದು ಪಪ್ಪ ಅಲ್ಲೇ ಒಪ್ಪಿಬಿಟ್ಟರು. ಎಷ್ಟು ತೊಳೆದರೂ ಒಳಗೆ ಇಂಗಿನ ವಾಸನೆ ಹೋಗಿಲ್ಲ, ಥೇಟ್ ನಮ್ಮ ಮೆಟಡೋರಿನದೇ. ಗಾಡಿಯೇನೋ ನಿಂತಲ್ಲೇ ನಿಂತಿತ್ತು. ಇಪ್ಪತ್ತು ವರ್ಷದ ನನಗೇ ಅದರ ಎತ್ತರ ಎಟುಕಲಿಲ್ಲ.